ಬಟ್ಟಲಲ್ಲಿ ಉಳಿದ ಹಸಿರು

ಜೂನ್ 9, ಭಾನುವಾರ
ನಾಲ್ಕು ಮರದ ಮೀನು ಕೆತ್ತಿದೆ. ಹಾಲವಾಣದ ತುಂಡು, ಬೆರಳುದ್ದದವು. ಉಪ್ಪುಕಾಗದ ಉಜ್ಜಿ ಕಿಟಕಿಯಲ್ಲಿ ಸಾಲಾಗಿಟ್ಟೆ. ಮೊದಲಾದರೆ ಇಲ್ಲಿಗೆ ನನ್ನ ಕೆಲಸ ಮುಗಿಯುತ್ತಿತ್ತು. ಆಚೆಯದು ನನ್ನ ಹೆಂಡತಿ ಸರಿತಾಳದ್ದು — ಬಣ್ಣ, ಕಣ್ಣು, ಹುರುಪೆ.

ರಾಂಪುರದಿಂದ ಚಿಕ್ಕೀರಪ್ಪ ಫೋನ್ ಮಾಡಿದ. ಗಾಳ, ಬಲೆ ಮಾರುವ ಅಂಗಡಿ ಅವನದು. ದೊಡ್ಡ ಮೀನನ್ನು ಗಾಳಕ್ಕೆ ಸೆಳೆಯುವ ನಮ್ಮ ಈ ಮರದ ಮೀನು, ಲೂರ್‌ಗಳೆಲ್ಲ, ಹೋಗುವುದು ಅಲ್ಲಿಗೇ.

"ಮುತ್ತಣ್ಣ, ಮಳೆ ಬಿದ್ದೈತೆ. ಕೊರಮೀನು ಹಿಡಿಯೋರು ದಿನಾ ಬಂದು ತಲೆ ತಿಂತಾವ್ರೆ. ನಿಮ್ಮ ಮೀನು ಯಾವಾಗ?"

ಕೆತ್ತಿದೀನಿ ಅಂದೆ.

"ಬಣ್ಣ?"

ಅಲ್ಲಿ ಮಳೆ ಜೋರಾ ಅಂತ ಕೇಳಿದೆ. ಅವನೂ ಮತ್ತೆ ಕೇಳಲಿಲ್ಲ.

ಜೂನ್ 10
ಬಣ್ಣ ಊದುವ ಗನ್ ಇನ್ನೂ ಅವಳಿಟ್ಟ ಜಾಗದಲ್ಲೇ ಇದೆ. ಪೆನ್ನಿನಷ್ಟು ಸಣ್ಣದು, ಒಳಗೊಂದು ಉದ್ದ ಸೂಜಿ. ಮೇಲಿನ ಬಟ್ಟಲಿನ ತಳದಲ್ಲಿ ಹಸಿರು ಒಣಗಿ ಸಿಪ್ಪೆಯಾಗಿದೆ. ಏಪ್ರಿಲ್‌ನಲ್ಲಿ ಆಸ್ಪತ್ರೆಗೆ ಹೊರಟಾಗ ಆಟೋದೊಳಗಿಂದ ಕೂಗಿ ಹೇಳಿದ್ದಳು — "ಗನ್ ಮುಟ್ಟಬ್ಯಾಡ್ರಿ. ಬಂದು ತೊಳಿತೀನಿ. ನೀವು ಸೂಜಿ ಬಗ್ಗಿಸಿಬಿಡ್ತೀರಾ."

ಕಾಮಾಲೆ ಅಂದರು ಡಾಕ್ಟರು. ವಾಸಿಯಾಗುತ್ತೆ ಅಂತಲೂ ಅಂದರು. ಅವಳು ವಾಪಸ್ ಬರಲಿಲ್ಲ.

ಮುಟ್ಟಿಲ್ಲ.

ಜೂನ್ 14, ಬೆಳಿಗ್ಗೆ
ಮುಟ್ಟಿದೆ.

ಬಟ್ಟಲಿಗೆ ಬಿಸಿನೀರು, ನಾಲ್ಕು ಹನಿ ತಿನ್ನರ್. ನೆನೆಯಲು ಬಿಟ್ಟೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಅವಳು ಮಾಡುತ್ತಿದ್ದುದೆಲ್ಲ ಕಣ್ಣಿಗೆ ಕಟ್ಟಿದೆ. ಪಕ್ಕದಲ್ಲೇ ಕೂತು ನೋಡುತ್ತಿದ್ದೆನಲ್ಲ. ಉಳಿದ ಬಣ್ಣ ಚೆಲ್ಲಬೇಕು. ನೀರು ಹಾಕಿ ಕುಂಚದಿಂದ ಕಲಕಬೇಕು. ಬಟ್ಟೆಯ ಮೇಲೆ ಊದಬೇಕು. ಮೂತಿಗೆ ಬೆರಳು ಅಡ್ಡ ಹಿಡಿದರೆ ಗಾಳಿ ಹಿಂದಕ್ಕೆ ಬಂದು ಬಟ್ಟಲಲ್ಲಿ ಗುಳುಗುಳು ಅನ್ನುತ್ತೆ. ಮತ್ತೆ ಊದಬೇಕು, ನೀರು ತಿಳಿಯಾಗುವ ತನಕ. ಕೊನೆಗೆ ಸೂಜಿಯನ್ನು ಹಿಂದಿನಿಂದ ಎಳೆದು ಒರೆಸಬೇಕು. ಅದೊಂದು ಮಾಡಲಿಲ್ಲ. ಬಗ್ಗೀತು ಅಂತ.

ಒರೆಸುವ ಬಟ್ಟೆ ಅವಳ ಹಳೇ ಸೀರೆಯ ತುಂಡು. ಅದರ ಮೇಲೆ ಊದಿದೆ. ಹಸಿರು ಬಂತು. ಮೊದಲು ಗಟ್ಟಿ, ಆಮೇಲೆ ತೆಳು.

ಈ ಹಸಿರು ಡಬ್ಬಿಯಲ್ಲಿ ಸಿಗುವುದಲ್ಲ. ಮೊಳಕಾಲ್ಮೂರಿನಲ್ಲಿ ಅವಳವ್ವ ನೇಕಾರರ ಮನೆಗಳಲ್ಲಿ ನೂಲು ಸುತ್ತುವ ಕೂಲಿ ಮಾಡುತ್ತಿದ್ದರು. ಚಿಕ್ಕವಳಾಗಿದ್ದಾಗ ಇವಳೂ ಹೋಗಿ ಕೂರುತ್ತಿದ್ದಳು. ಅಲ್ಲಿ ಕಂಡ ಯಾವುದೋ ಸೀರೆಯಂಚಿನ ಹಸಿರಂತೆ. ಹಳದಿ, ನೀಲಿ ಸೇರಿಸಿ ಕಣ್ಣಂದಾಜಿನಲ್ಲಿ ಬೆರೆಸುತ್ತಿದ್ದಳು. ಎಷ್ಟೆಷ್ಟು ಅಂತ ಕೇಳಿಕೊಳ್ಳಲಿಲ್ಲ. ಅವಳಿದ್ದಳಲ್ಲ.

ನೀರು ತಿಳಿಯಾಗುವ ಮೊದಲೇ ನಿಲ್ಲಿಸಿದೆ. ಬಟ್ಟಲಿಗೆ ಬಿಳಿ ಹಾಕಿ ಮೀನಿನ ಹೊಟ್ಟೆಗೆ ಊದಿದೆ. ಬಿಳಿಯೊಳಗೆ ಅವಳ ಹಸಿರು ನುಸುಳಿ ಬಂತು. ನಾಲ್ಕು ಮೀನಿಗೂ.

ಖುಷಿಯಾಯಿತು ಅಂತ ಬರೆಯಲು ನಾಚಿಕೆ. ಆದರೂ —

ಜೂನ್ 15
ಮೀನುಗಳ ಬೆನ್ನಿಗೆ, ಕಣ್ಣಿಗೆ ಕುಂಚದಲ್ಲೇ ಕಪ್ಪು ಬಳಿದೆ. ಕೊಕ್ಕೆ ಸಿಕ್ಕಿಸಿ ಬಸ್ಸಿನಲ್ಲಿ ರಾಂಪುರಕ್ಕೆ ಒಯ್ದೆ. ಚಿಕ್ಕೀರಪ್ಪ ಮೀನುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಏನ್ ಮುತ್ತಣ್ಣ, ಹೊಟ್ಟೆ ಹಿಂಗ್ಯಾಕೈತೆ? ಮೀನಿಗೇನು ಕಾಮಾಲೆ ಬಂದೈತಾ?"

ಅಂದವನೇ ನಾಲಿಗೆ ಕಚ್ಚಿಕೊಂಡ. ಟೀ ತರಿಸಿದ. ಸಕ್ಕರೆ ಸಾಕಾ ಅಂತ ಎರಡು ಸಲ ಕೇಳಿದ. ಆಮೇಲೆ ಮೆಲ್ಲಗೆ,

"ಕೊರಮೀನು ಕೆಳಗಿಂದ ನೋಡ್ತೈತಣ್ಣ. ಹೊಟ್ಟೆ ಬೆಳ್ಳಗಿದ್ರೇನೇ ಬಾಯಿ ಹಾಕೋದು. ಅಕ್ಕ ಹಂಗೇ ಮಾಡ್ತಿದ್ರು. ಜನ ಬಂದು ಸರಿತಕ್ಕನ ಮೀನು ಕೊಡಪ್ಪ ಅಂತ್ಲೇ ಕೇಳ್ತಾರೆ. ಇದನ್ನ ಅವ್ರ ಹೆಸರಾಗೆ ಹೆಂಗೆ ಕೊಡ್ಲಿ?"

ಕಾಗದದಲ್ಲಿ ಸುತ್ತಿ ವಾಪಸ್ ಕೊಟ್ಟ. ತಪ್ಪು ಅವನದಲ್ಲ.

ಅವಳ ಹೆಸರು ಉಳಿಯಬೇಕಾದರೆ ಅವಳ ಹಸಿರು ಹೋಗಬೇಕು. ದಾರಿಯುದ್ದಕ್ಕೂ ಇದೇ ಯೋಚನೆ.

ಜೂನ್ 23, ಭಾನುವಾರ. ಮೊಳಕಾಲ್ಮೂರು
ಅತ್ತೆಯನ್ನು ನೋಡಲು ಬಂದೆ. ಜುಂಜಮ್ಮತ್ತೆ ಇಳಿದುಹೋಗಿದ್ದಾರೆ. ನನ್ನ ಚೀಲದಲ್ಲಿ ಆ ಕಾಗದದ ಪೊಟ್ಟಣ ಹಾಗೇ ಇತ್ತು. ಬಿಚ್ಚಿ, ಒಂದನ್ನು ಹೊಸ್ತಿಲ ಬೆಳಕಿಗೆ ಒಯ್ದರು.

"ಇದು ನಮ್ಮ ಹುಡುಗೀ ಹಸ್ರಲ್ಲೇನು?"

"ಹೊಟ್ಟೆ ಬಣ್ಣ ಕೆಟ್ಟೈತೆ ಅತ್ತೆ. ಅಂಗಡಿಯವ್ನು ವಾಪಸ್ ಕೊಟ್ಟ."

"ಕೆಟ್ಟಿದ್ರೆ ನಂಗಿರ್ಲಿ ಬಿಡು ನಾಯ್ನಾ. ಮೀನಿಗ್ಯಾಕೆ?"

"ನೀವೇನ್ ಮಾಡ್ತೀರಿ?"

"ಇಟ್ಕಂತೀನಿ. ಮೊದ್ಲು ಈ ಕೊಕ್ಕೆ ಕಿತ್ತಾಕು. ನನ್ನೇ ಹಿಡ್ಕಂಡು ಕೂತಾತು!"

ಅತ್ತೆ ನಕ್ಕರು. ನನಗೂ ನಗು ಬಂತು. ಪಕ್ಕದ ಮನೆಯಿಂದ ಇಕ್ಕಳ ತಂದು ಕೊಕ್ಕೆ ಬಿಚ್ಚಿದೆ. ನಾಲ್ಕನ್ನೂ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಗನ್ನಿನ ವಿಷಯವೂ ಹೇಳಿದೆ. ಮುಟ್ಟಬ್ಯಾಡ್ರಿ ಅಂದಿದ್ದಳಲ್ಲ ಅಂದೆ.

"ತೊಳಿಯಪ್ಪ. ಎಂಜಲು ಪಾತ್ರೆ ಬಿಟ್ಟು ಮಲಗ್ದೋಳಲ್ಲ ಅವ್ಳು."

ಬಸ್ಸು ಹತ್ತುವಾಗ ತಿರುಗಿ ನೋಡಿದೆ. ಅತ್ತೆಯ ಕೈ ಆ ಚೀಲದೊಳಗೇ ಇತ್ತು.

ಜುಲೈ 2
ಮತ್ತೆ ಮೀನು ಕೆತ್ತಿದೆ. ಗನ್ ಹತ್ತಿರ ಹೋಗಿ ಬಂದೆ. ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಹಾಕಿದೆ, ಆರಿಸಿದೆ. ಕರೆಂಟ್ ಇರಲಿಲ್ಲ ಅಂತ ಬರೆಯಬಹುದು. ಇತ್ತು.

ಜುಲೈ 3, ಮಧ್ಯಾಹ್ನ
ಸೂಜಿ ಎಳೆದೆ. ಬಗ್ಗಲಿಲ್ಲ, ಸರಿತಾ.

ಸೂಜಿಯ ಮೈಮೇಲೆ ಸಣ್ಣದೊಂದು ಹಸಿರು ಉಂಗುರ. ಬುಡದಿಂದ ತುದಿಗೆ ಒರೆಸಿದೆ, ನೀನು ಒರೆಸುತ್ತಿದ್ದ ಹಾಗೆ. ಮೂತಿ ಬಿಚ್ಚಿ ನೆನೆಹಾಕಿದೆ. ಜೋಡಿಸಿ, ನೀರು ತುಂಬಿ, ಸೀರೆ ತುಂಡಿನ ಮೇಲೆ ಊದಿದೆ. ಹಸಿರು. ಬಟ್ಟಲು ಬರಿದು ಮಾಡಿ ಮತ್ತೆ ತುಂಬಿದೆ. ಸೊಪ್ಪು ತೊಳೆದ ನೀರಿನಷ್ಟು. ಮತ್ತೆ ತುಂಬಿದೆ. ಬಟ್ಟೆ ಒದ್ದೆಯಾಯಿತು, ಅಷ್ಟೆ.

ಬಿಳಿ ಊದಿದೆ. ಹೊಟ್ಟೆ ಬೆಳ್ಳಗೆ ಬಂತು. ಚಿಕ್ಕೀರಪ್ಪ ಇದಕ್ಕೇನೂ ಅನ್ನುವುದಿಲ್ಲ.

ಬಿಳಿಯನ್ನೂ ತೊಳೆದೆ. ಈಗ ಬೆನ್ನಿಗೆ ಹಸಿರು ಬೇಕು. ಹಳದಿ ಡಬ್ಬಿ, ನೀಲಿ ಡಬ್ಬಿ ಎರಡರ ಮುಚ್ಚಳವನ್ನೂ ತೆಗೆದು ಕೂತಿದ್ದೇನೆ. ನೀನು ಹಳದಿ ಮೊದಲು ಹಾಕುತ್ತಿದ್ದೆ, ಅದು ನೆನಪಿದೆ. ಆಮೇಲೆ ನೀಲಿ, ಕಡ್ಡಿಯ ತುದಿಯಲ್ಲಿ. ಒಂದು ಸಲ ಅದ್ದಿ... ಇಲ್ಲ, ಎರಡು ಸಲ —