ನಲವತ್ತೊಂದನೇ ಕಲ್ಲು

ಫೆಬ್ರವರಿ 3, ಮಧ್ಯಾಹ್ನ

ಹದಿನೇಳು ಕಲ್ಲಿಗೆ ನಂಬರ್ ಬರೆದೆ. ಬ್ರಷ್ ಕೂದಲು ಉದುರಿಸುತ್ತಿದೆ, ನನ್ನ ಹಾಗೆಯೇ. ಎಂಜಿನಿಯರ್ ಮತ್ತೆ ಬಂದರು. “ಅಕ್ಕಾ, ನಲವತ್ತೊಂದು ಸಿಕ್ತಾ?”

ಹಾಳುಬಿದ್ದ ಈ ರಾಜಧಾನಿಯಲ್ಲಿ ರಾಣಿಯ ಅರಮನೆಯ ಬಾಗಿಲನ್ನು ಮತ್ತೆ ನಿಲ್ಲಿಸುವ ಕೆಲಸ. ಬಿದ್ದ ಕಲ್ಲೆಲ್ಲ ಸಿಕ್ಕಿವೆ, ನಕ್ಷೆಯಲ್ಲಿ ನಲವತ್ತೊಂದು ಎಂದಿರುವ ಮೇಲಿನ ಅಡ್ಡಗಲ್ಲು ಒಂದು ಬಿಟ್ಟು. “ಇಲ್ಲಪ್ಪ” ಅಂದೆ. ಅದರ ಮೇಲೇ ಕೂತು ಅಂದೆ.

ನಮ್ಮವರೂ ನಾನೂ ಹನ್ನೊಂದು ವರ್ಷ ಕೂತು ಊಟ ಮಾಡಿದ ಕಲ್ಲು. ಆಗ ನಂಬರ್ ಬರೆಯುವ ಕೆಲಸ ಅವರದು, ಕಲ್ಲು ತೊಳೆಯುವುದು ನನ್ನದು. ಅವರು ಹೋಗಿ ಎರಡು ವರ್ಷ. ಬ್ರಷ್ ನನಗೆ ಬಂತು, ಅಳತೆ ಟೇಪೂ ಬಂತು. ಅಳೆದ ದಿನವೇ ಗೊತ್ತಾಯಿತು, ಇದೇ ಆ ಅಡ್ಡಗಲ್ಲು ಎಂದು. ಟವೆಲ್ ಹಾಸಿ ಕೂತುಬಿಟ್ಟೆ.

ಫೆಬ್ರವರಿ 5

ಊಟವಾದ ಮೇಲೆ ಕಣ್ಣು ಹತ್ತಿತು. ಬಿಸಿಲಲ್ಲಿ ಊರೆಲ್ಲ ಎದ್ದು ನಿಂತಿದೆ… ಗೋಡೆಗಳಿಗೆ ಸೂರು, ಕೊಳದಲ್ಲಿ ನೀರು. ಬಾಗಿಲಿಂದ ಹೆಂಗಸರು ನಗುತ್ತಾ ಬರುತ್ತಿದ್ದಾರೆ. ಅವರ ನಡುವೆ ನಮ್ಮವರು, ಕಿವಿಗೆ ಬ್ರಷ್ ಸಿಕ್ಕಿಸಿಕೊಂಡು. “ಏಳೇ, ಕೂದಲಿಗೆ ಬಣ್ಣ ಮೆತ್ತಿದೆ.”

ಎದ್ದು ನೋಡಿದರೆ ನಿಜಕ್ಕೂ ಮೆತ್ತಿತ್ತು.

ಈ ಕಲ್ಲು ಮೇಲೆ ಹೋದರೆ ಈ ಕನಸೂ ಹೋಗುತ್ತದೆ. ಕೊಡುವುದಿಲ್ಲ. ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಫೆಬ್ರವರಿ 12

ಮಗಳು ಬಂದಿದ್ದಳು. ಹಾಸ್ಟೆಲ್, ಪರೀಕ್ಷೆ, ನೌಕರಿ ಅಂತ ಇಷ್ಟು ವರ್ಷ ಇಲ್ಲಿಗೆ ಬರಲಾಗಿರಲಿಲ್ಲ. ‘ಒಂದಿನ ಆ ಬಾಗಿಲಿಂದಲೇ ನಿನ್ನನ್ನ ಒಳಗೆ ಕರ್ಕೊಂಡು ಹೋಗ್ತೀನಿ’ ಎಂದು ಅಪ್ಪ ಆಸೆ ಹುಟ್ಟಿಸಿದ್ದರಲ್ಲ. ಹೊಸ ಚಪ್ಪಲಿ, ಕಾಲೆಲ್ಲ ಗುಳ್ಳೆ. ಆದರೂ ಓಡೋಡಿ ಬಂದಳು. ಎರಡು ಕಂಬ ತೋರಿಸಿದೆ. ನಡುವೆ ಬರೀ ಆಕಾಶ.

“ಬಾಗಿಲೆಲ್ಲಿ ಅಮ್ಮಾ?”

“ಇದೇ ಕಣೆ.”

“ಇಷ್ಟೇನಾ? ಅಪ್ಪ ಎಂಥಾ ಬುರುಡೆ ಬಿಟ್ರು!”

ನಕ್ಕಳು. ನನ್ನ ಪಕ್ಕ, ಆ ಕಲ್ಲಿನ ಮೇಲೇ ಕೂತು ನಕ್ಕಳು. ಆಮೇಲೆ ಕಂಬಗಳನ್ನು ತುಂಬಾ ಹೊತ್ತು ನೋಡಿದಳು.

ಸತ್ತ ಗಂಡನನ್ನು ಸುಳ್ಳುಗಾರನನ್ನಾಗಿ ಮಾಡಿ ಕೂತಿದ್ದೇನೆ, ಟವೆಲ್ ಹಾಸಿಕೊಂಡು.

ಫೆಬ್ರವರಿ 17, ಬೆಳಿಗ್ಗೆ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಕಾದದ್ದು ಸಾಕು ಎಂದು ನಾಳೆ ಅಡ್ಡಗಲ್ಲಿನ ಜಾಗಕ್ಕೆ ಸಿಮೆಂಟ್ ತೊಲೆ ಕೂರಿಸುತ್ತಾರಂತೆ. ಸಿಮೆಂಟ್! ನಮ್ಮವರು ಕೇಳಿದ್ದರೆ ಊಟ ಬಿಡುತ್ತಿದ್ದರು. ಇವತ್ತು ಹೇಳಿಬಿಡುತ್ತೇನೆ.

ಅದೇ ದಿನ, ಸಂಜೆ

ಹೇಳಿದೆ. ಎಂಜಿನಿಯರ್ ಬೈಯಲಿಲ್ಲ. ಟವೆಲ್ ಮಡಚಿ ಕೈಗೆ ಕೊಟ್ಟರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಸರಪಳಿ ಹಾಕಿ ಕಲ್ಲನ್ನು ಮಗುಚಿದರು. ಗೋಡೆಯೊಳಗೆ ಮುಚ್ಚಿಹೋಗುವ ಮೈಗೇ ನಾವು ನಂಬರ್ ಬರೆಯುವುದು. ಆ ಮೈ ಇಷ್ಟು ವರ್ಷ ನೆಲಕ್ಕೆ ಕವುಚಿತ್ತು. ಬ್ರಷ್ ಅದ್ದಿಕೊಂಡು ಬಗ್ಗಿದೆ.

ಮೊದಲೇ ಬರೆದಿತ್ತು. 41. ನಾಲ್ಕಕ್ಕೆ ಹಾಗೆ ಉದ್ದ ಬಾಲ ಎಳೆಯುತ್ತಿದ್ದವರು ಅವರೊಬ್ಬರೇ.

ಅಯ್ಯೋ ಕಳ್ಳ! ನಂಬರ್ ಬರೆದು, ಕಲ್ಲನ್ನು ಕವುಚಿ ಹಾಕಿಸಿ, ಅದರ ಮೇಲೆ ನನ್ನ ಪಕ್ಕದಲ್ಲೇ ಕೂತು, ಕೇಳಿದವರಿಗೆಲ್ಲ “ಸಿಕ್ಕಿಲ್ಲ ಸಾರ್” ಅನ್ನುತ್ತಾ… ಹನ್ನೊಂದು ವರ್ಷ!

“ಯಾರಕ್ಕಾ ಬರೆದಿದ್ದು?”

ಬಾಯಿಗೆ ಟವೆಲ್ ಒತ್ತಿಕೊಂಡೆ. ನಗು, ಅಳು ಎರಡೂ ಒಟ್ಟಿಗೆ ಬಂದವು.

ಫೆಬ್ರವರಿ 21, ಮಧ್ಯಾಹ್ನ

ಬಾಗಿಲು ನಿಂತಿತು. ಮಗಳಿಗೆ ಫೋಟೊ ಕಳಿಸಿದೆ. ‘ಬುರುಡೆಯಲ್ಲ’ ಎಂದು ಕೆಳಗೆ ಬರೆದೆ. ಭಾನುವಾರ ಬರುತ್ತಾಳಂತೆ.

ಡಬ್ಬಿ ಬಿಚ್ಚಿ ಬಾಗಿಲ ನೆರಳಲ್ಲಿ, ನೆಲದ ಮೇಲೆ ಕೂತಿದ್ದೇನೆ. ತಣ್ಣಗಿದೆ. ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟೇ ಕೂತಿದ್ದೇನೆ, ಅಭ್ಯಾಸ. ಕಣ್ಣು ಎಳೆಯುತ್ತಿದೆ… ಬಾಗಿಲಾಚೆ ಯಾರೋ, ಕಿವಿಗೆ ಬ್ರಷ್ ಸಿಕ್ಕಿಸಿಕೊಂಡು—