ನಡೆದು ತೋರಿಸುವವರು

ಮಾರ್ಚ್ ೯, ಸೋಮವಾರ

'ಕಂಡದ್ದನ್ನಷ್ಟೇ ಕಣ್ಣು ಹೇಳುತ್ತದೆ' ಅಂತೇನೋ ಒಂದು ಸಾಲು, ಎಲ್ಲಿ ಓದಿದ್ದೋ. ನಿಜವೇ? ನಮ್ಮ ಯಜಮಾನರ ಹಳೆಯ ವಿಡಿಯೊ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸಿಸಿಡಿ ಸೆನ್ಸರ್ ದೀಪ ಕಂಡರೆ ಮೇಲಿಂದ ಕೆಳಗೆ ಬಿಳಿ ಗೆರೆ ಎಳೆಯುತ್ತದೆ. ಅಂಗಡಿಯಿಂದ ನೋಡಲೆಂದು ತಂದ ಹೊಸ ಕ್ಯಾಮೆರಾದ್ದು ಸಿಮಾಸ್ ಎಂಬ ಬೇರೆ ಬಗೆಯ ಸೆನ್ಸರ್; ಅದು ಗೆರೆ ಎಳೆಯುವುದಿಲ್ಲ, ಆದರೆ ತಿರುಗುವ ಫ್ಯಾನಿನ ರೆಕ್ಕೆಗಳನ್ನು ಬಾಳೆಹಣ್ಣಿನಂತೆ ಬಗ್ಗಿಸುತ್ತದೆ.

ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದನ್ನು ಇಟ್ಟುಕೊಳ್ಳುತ್ತೇನೋ ಇಲ್ಲವೋ, ನಾಳೆ ಹೇಳಬೇಕು. "ಯಾರನ್ನಾದ್ರೂ ಬೇಗ ಬೇಗ ನಡೆಸಿ, ಎರಡರಲ್ಲೂ ನೋಡಿ ಮೇಡಂ" ಅಂದಿದ್ದ ಅಂಗಡಿಯವನು. ಈ ಮನೆಯಲ್ಲಿ ಯಾರನ್ನು ನಡೆಸಲಿ? ಅವರಿದ್ದಾಗ ಅವರೇ ನಡೆಯುತ್ತಿದ್ದರು, ನನ್ನನ್ನು ನಗಿಸಲು ಬೇಕೆಂದೇ ಕುಂಟುತ್ತಾ.

ಸಂಜೆ ಎರಡನ್ನೂ ಮೇಜಿನ ಮೇಲೆ ಹೊಂದಿಸಿ, ಖಾಲಿ ಹಜಾರಕ್ಕೆ "ಹ್ಞೂಂ, ನಡೀರಿ" ಎಂದುಬಿಟ್ಟೆ. ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯ ಟೈಲರಮ್ಮ ಹೊಸ್ತಿಲಲ್ಲಿ ನಿಂತು ಹಜಾರ ನೋಡಿದಳು, ಆಮೇಲೆ ನನ್ನನ್ನು.

"ತಡೀರಿ, ಚಪ್ಪಲಿ ಬಿಟ್ಟು ಬರ್ತೀನಿ. ಎಲ್ಲಿಂದ ನಡೀಬೇಕು?"