ನೆಲವೇ ಎದ್ದು ಬಂದ ಬೆಳಗು

ಅಕೊಂಕ್ರೊಮ್
ಭಾನುವಾರ, ೧೪ ಆಗಸ್ಟ್ ೨೦೧೧

ಮುದ್ದಿನ ಸೆರ್ವಾ,

ನಿನ್ನ ಮೂರೂ ಪತ್ರಗಳು ನನ್ನ ದಿಂಬಿನ ಕೆಳಗಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ನಿನ್ನಮ್ಮನ ಮಗಳಲ್ಲವೇ. ತಮಾಲೆಯಿಂದ ನೀನು ಕಳಿಸಿದ ಶಿಯಾ ಬೆಣ್ಣೆ ತಲುಪಿತು. ಮಂಡಿಗೆ ಹಚ್ಚಿಕೊಳ್ಳುತ್ತಿದ್ದೇನೆ. ಅರ್ಧವನ್ನು ರಾಜಮಾತೆಯ ಆರೈಕೆಗಿರುವ ಟಾವಿಯಾ ಎತ್ತಿಕೊಂಡು ಹೋಗಿ, ನಾನಾ ಅವರ ಕಾಲಿಗೆ ಬೇಕಿತ್ತು ಎಂದು ಸುಳ್ಳು ಹೇಳಿದಳು. ಕೋಕೋ ಮರಗಳು ಈ ಸಲ ಮೈತುಂಬ ಕಾಯಿ ಬಿಟ್ಟಿವೆ.

ನಮ್ಮ ರಾಜಮಾತೆ ನಾನಾ ಅಜಾಕೊಮಾ ಕುಮಾಸಿಯ ಆಸ್ಪತ್ರೆಯಿಂದ ಮನೆಗೆ ಬಂದು ಐದು ವಾರವಾಯಿತು. ತಲೆ ಬೋಳಿಸಿದ ಜಾಗದಲ್ಲಿ ಬಿಳಿಕೂದಲು ಮೊಳೆತಿದೆ. ಮಾತು, ನಗು, ಗದರಿಕೆ ಎಲ್ಲ ಮರಳಿವೆ. ಬಲಗೈ ಮಾತ್ರ ಮರಳಿಲ್ಲ. ಎಡಗೈಯಿಂದ ಉಣ್ಣುವಂತಿಲ್ಲ, ಬಂದವರ ಕೈ ಹಿಡಿಯುವಂತಿಲ್ಲ, ಹಾಗಾಗಿ ಟಾವಿಯಾ ತುತ್ತು ಮಾಡಿ ಉಣಿಸುತ್ತಾಳೆ. ಎಪ್ಪತ್ತೆಂಟು ವರ್ಷದ ರಾಜಮಾತೆ ಮಗುವಿನಂತೆ ಬಾಯಿ ತೆರೆಯುವುದನ್ನು ನೋಡಲಾಗದೆ ನಾನು ಊಟದ ಹೊತ್ತಿಗೆ ಅಂಗಳ ಬಿಟ್ಟು ಹೋಗುತ್ತೇನೆ.

ಇದೆಲ್ಲ ಹೇಗಾಯಿತೆಂದು ನೀನು ಕೇಳುತ್ತಲೇ ಇದ್ದೀಯ. ಬರೆಯುತ್ತೇನೆ.

ಎರಡು ವರ್ಷದ ಹಿಂದೆ ನಾನಾ ಅವರ ಎದೆಬಡಿತ ತಾಳ ತಪ್ಪಿದಾಗ ಕುಮಾಸಿಗೆ ಕರೆದೊಯ್ದವಳು ನೀನೇ. ರಕ್ತ ಹೆಪ್ಪುಗಟ್ಟದಿರಲೆಂದು ಆ ಪುಟ್ಟ ಮಾತ್ರೆ ಕೊಟ್ಟರು. ಆ ಮಾತ್ರೆಯ ಬಲ ಕುಗ್ಗಿಸುವ ಕೊಂಟೊಮಿರೆ ಸೊಪ್ಪನ್ನು ದಿನಕ್ಕಿಷ್ಟೇ ಎಂದು ನೀನು ಅಳತೆ ಹಾಕಿಕೊಟ್ಟದ್ದಕ್ಕೆ, "ನಿನ್ನ ಮಗಳು ನನ್ನ ತಟ್ಟೆ ಮೇಲೇ ರಾಜ್ಯಭಾರ ಮಾಡ್ತಾಳಲ್ಲೋ" ಎಂದು ನಾನಾ ಇವತ್ತಿಗೂ ಗೊಣಗುತ್ತಾರೆ. ನನಗೂ ನೀನು ಬಿಡಿಸಿ ಹೇಳಿದ್ದೆ: "ಅಪ್ಪಾ, ಈ ಮಾತ್ರೆ ತಗೊಳ್ಳೋರು ಬಿದ್ರೆ, ಗಾಯ ಕಾಣ್ಲಿ ಬಿಡ್ಲಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು. ರಕ್ತ ಒಳಗೊಳಗೇ ಸೋರತ್ತೆ, ಹೊರಗೆ ಗೊತ್ತೇ ಆಗಲ್ಲ."

ಜೂನ್ ತಿಂಗಳ ಆ ಬೆಳಗ್ಗೆ ಸೋನೆ ಮಳೆ ನಿಂತಿತ್ತಷ್ಟೆ. ಬಚ್ಚಲಿನ ಮೆಟ್ಟಿಲಲ್ಲಿ ನಾನಾ ಅವರ ಚಪ್ಪಲಿ ಜಾರಿತು. ಬಾಗಿಲ ಚೌಕಟ್ಟಿಗೆ ತಲೆ ತಗುಲಿತು, ನೆಲಕ್ಕೆ ಕುಳಿತುಬಿಟ್ಟರು. ಅಲ್ಲಿ ನಾನೊಬ್ಬನೇ ಇದ್ದೆ. ನಮ್ಮಲ್ಲಿ ಪೀಠವೇರಿದವರು ಬೀಳುವುದಿಲ್ಲ. ಬಿದ್ದರೂ ಆ ಪದ ಯಾರ ಬಾಯಲ್ಲೂ ಬರಕೂಡದು, ಬಂದರೆ ಊರಿಗೇ ಕೇಡು. ಅವರು ಹಣೆ ಉಜ್ಜಿಕೊಳ್ಳುತ್ತಾ ನನ್ನನ್ನು ನೋಡಿದರು.

"ಯಾರಾದ್ರೂ ಬಿದ್ರಾ, ಒಚಾಮೆ?"

ಒಚಾಮೆಯಾಗಿ ಮೂವತ್ತೊಂದು ವರ್ಷ ಅವರ ಮಾತನ್ನು ಊರಿಗೆ, ಊರಿನ ಮಾತನ್ನು ಅವರಿಗೆ ಸಿಂಗರಿಸಿ ದಾಟಿಸಿದವನು ನಾನು. "ಯಾರೂ ಬಿದ್ದಿಲ್ಲ ನಾನಾ. ನಿಮ್ಮನ್ನ ಅಪ್ಪಿಕೊಳ್ಳೋಕೆ ನೆಲವೇ ಎದ್ದು ಬಂತು" ಎಂದೆ. ಅವರು ನಕ್ಕರು. ನಾನೂ ನಕ್ಕೆ, ಸೆರ್ವಾ.

ನಾಲ್ಕು ದಿನ ಏನೂ ಇರಲಿಲ್ಲ. ಐದನೆಯ ದಿನ ತಲೆನೋವು. ಆಮೇಲೆ ನಿದ್ದೆ ಮೆಲ್ಲಗೆ ಅವರ ಹಗಲಿನೊಳಗೆ ಬಂದು ಸೇರಿಕೊಂಡಿತು. ಮಾತಿನ ನಡುವೆ ಕಣ್ಣು ಮುಚ್ಚುವರು, ತೆರೆದಾಗ ಬೇರೆಲ್ಲಿಂದಲೋ ಬಂದಂತಿರುವರು. ಮಧ್ಯಾಹ್ನ ಬೇವಿನ ಮರದ ನೆರಳು ಅಂಗಳವನ್ನು ದಾಟುವಾಗ ತೀರಿಹೋದವರೆಲ್ಲ ಬರತೊಡಗಿದರು. ಅವರಮ್ಮ ಬಂದರು, ಹಳೆಯ ನಗಾರಿಯವನು ಬಂದ. ಒಂದು ದಿನ ಮೂರು ಗಂಟೆಗೆ ಪಕ್ಕದ ಮಣೆಯನ್ನು ತೋರಿಸಿ, "ಪೊಕುವಾ ಬಂದಿದಾಳೆ, ನೀರು ಕೊಡೋ" ಎಂದರು.

ನಿನ್ನಮ್ಮ. ನಾನು ನೀರಿಟ್ಟೆ. ಲೋಟ ಸಂಜೆಯವರೆಗೂ ಅಲ್ಲೇ ಇತ್ತು.

ಅಂದಿನಿಂದ ಅವಳು ದಿನಾ ಬಂದಳು. ಹಳದಿ ಅಂಚಿನ ಬಟ್ಟೆ ಉಟ್ಟಿದ್ದಾಳೆ ಎಂದರು ನಾನಾ. ಸುಟ್ಟ ಬಾಳೆಕಾಯಿ ವಾಸನೆ ಬರ್ತಿದೆ ಎಂದರು. ಅದು ನನಗೂ ಬಂದಿತು, ಆಣೆ ಮಾಡಿ ಹೇಳುತ್ತೇನೆ. ಊರಿನವರು ಕೈಮುಗಿದು ದೂರ ನಿಂತು ನೋಡಿದರು. ಹಿರಿಯರು ಸತ್ತವರೊಡನೆ ಮಾತಾಡಿದರೆ ನಮ್ಮಲ್ಲಿ ಯಾರು ಡಾಕ್ಟರನ್ನು ಕರೆಯುತ್ತಾರೆ? ಟಾವಿಯಾ ಒಬ್ಬಳೇ ನನ್ನ ಬೆನ್ನು ಹತ್ತಿದಳು. "ಒಚಾಮೆ, ನಾನಾ ಕೈಯಿಂದ ಫುಫು ತುತ್ತು ಜಾರ್ತಿದೆ. ಇದು ದೇವರ ಆಟ ಅಲ್ಲ, ಏನೋ ಆಗಿದೆ." ನಾನು ಅವಳನ್ನು ಗದರಿಸಿ ಕಳಿಸಿದೆ.

ಹದಿನಾಲ್ಕನೆಯ ದಿನ ನಾನಾ ಏಳಲೇ ಇಲ್ಲ.

ಕುಮಾಸಿಯಲ್ಲಿ ನಿನ್ನಷ್ಟೇ ವಯಸ್ಸಿನ ಡಾಕ್ಟರಮ್ಮ ಕೇಳಿದಳು: "ಬಿದ್ದಿದ್ರಾ?" ನಮ್ಮ ಸಭೆಯ ಹಿರಿಯ ಬೋಟ್ವೆ ನನ್ನನ್ನು ದುರುಗುಟ್ಟಿ ನೋಡಿದ. ನಾನು ನೆಲ, ಅಪ್ಪುಗೆ ಎಂದೇನೋ ಶುರುಮಾಡಿದೆ.

"ಅಜ್ಜಾ, ಚಂದದ ಮಾತು ಆಮೇಲೆ ಆಡೋಣ. ಬಿದ್ರೋ ಇಲ್ವೋ?"

"ಬಿದ್ರು" ಎಂದೆ. ಬೋಟ್ವೆ ಕಿವಿ ಮುಚ್ಚಿಕೊಂಡ.

ತಲೆಬುರುಡೆಗೆ ತೂತು ಕೊರೆದು ರಕ್ತ ಹೊರತೆಗೆದರು. ಹದಿನಾಲ್ಕು ದಿನ ಸೋರಿ ಸೋರಿ ಅದು ಮೆದುಳನ್ನು ಒತ್ತಿತ್ತಂತೆ. ಆ ನಿದ್ದೆಯೂ ಆ ಮಾತುಗಳೂ ಅದರಿಂದಲೇ ಎಂದಳು ಡಾಕ್ಟರಮ್ಮ. "ನಾಲ್ಕು ದಿನ ಮುಂಚೆ ತಂದಿದ್ರೂ ಕೈ ಉಳೀತಿತ್ತು" ಎಂದೂ ಹೇಳಿದಳು.

ಊರಿಗೆ ಬಂದ ಮೇಲೆ ನನ್ನ ಬಾಯಿಂದ ಆ ಪದ ಬಂದದ್ದಕ್ಕೆ ಕುರಿ ಕಡಿದರು, ಒಚಾಮೆಯ ಅಧಿಕಾರದ ಗುರುತಾದ ನನ್ನ ಕೋಲನ್ನು ಕಿತ್ತುಕೊಳ್ಳಬೇಕೆಂದು ಸಭೆ ಸೇರಿತು. ನಾನಾ ಒಪ್ಪಲಿಲ್ಲ. "ಬಿದ್ದೋಳು ನಾನು, ಸತ್ತಿದ್ದು ಕುರಿ. ಸಾಲ್ದಾ? ನನ್ನ ಜೀವ ಉಳಿಸಿದ ಬಾಯಿ ಅದು" ಎಂದುಬಿಟ್ಟರು. ಎಲ್ಲರೂ ನನ್ನನ್ನು ಹೊಗಳಿದರು. ಪದ್ಧತಿಗೆ ಹೆದರಿ ತಡಮಾಡಿದೆ, ಮಗಳೇ. ಅದೇ ಕಾರಣ.

ನೀನು ಮುಟ್ಟಿದ ರೋಗಿಗಳೆಲ್ಲ ಎದ್ದು ನಡೆಯಲಿ. ನಿನ್ನ ಮನೆಯಲ್ಲಿ ಫುಫು ಕುಟ್ಟುವ ಸದ್ದು ಎಂದೂ ನಿಲ್ಲದಿರಲಿ.

ನಿನ್ನ ತಂದೆ,
ಕ್ವಾಕು ಬದು

ತಾಜಾಕಲಂ: ಮೇಲೆ ಬರೆದ ಕಾರಣ ಸುಳ್ಳು. ಹತ್ತನೆಯ ದಿನ ನೀನು ಫೋನ್ ಮಾಡಿ, "ಅಪ್ಪಾ, ಟಾವಿಯಾ ಏನೋ ಹೇಳ್ತಿದಾಳೆ, ನಾನಾ ಬಿದ್ರಾ?" ಎಂದು ಮೂರು ಸಲ ಕೇಳಿದೆ. ಆಗ ನಾನು ಕೋಕೋ ತೋಟದಲ್ಲಿ ಒಬ್ಬನೇ ಇದ್ದೆ. ನಿನ್ನ ಕಿವಿಗೆ ಪಿಸುಗುಟ್ಟಿದ್ದರೆ ಯಾವ ಪದ್ಧತಿಯೂ ಕೆಡುತ್ತಿರಲಿಲ್ಲ. ಇಲ್ಲ ಎಂದೆ.

ನಿನ್ನಮ್ಮ ಸಾಯುವಾಗ ನಾನು ಸಭೆಯಲ್ಲಿ ಯಾರದೋ ಗಡಿ ಜಗಳದ ಮಾತು ದಾಟಿಸುತ್ತಿದ್ದೆ, ನಿನಗೆ ಗೊತ್ತು. ಕೊನೆಗಳಿಗೆಯಲ್ಲಿ ನನ್ನನ್ನು ನೆನೆದಳೇ ಎಂದು ಪೊಕುವಾಳನ್ನೇ ವಿಚಾರಿಸಿ ಅಂತ, ಅವಳು ಬರುತ್ತಿದ್ದ ಆ ದಿನಗಳಲ್ಲಿ ನಾನಾ ಅವರನ್ನು ಬೇಡಿಕೊಂಡಿದ್ದೆ. "ನಾಳೆ ಹೇಳ್ತಾಳಂತೆ" ಎಂದರು. ಮರುದಿನವೂ ಅದನ್ನೇ ಹೇಳಿದರು. ನೀನು ಫೋನ್ ಮಾಡಿದಾಗ ಎರಡೂವರೆ ಗಂಟೆ, ಅವಳು ಬರುವುದು ಮೂರಕ್ಕೆ. ಇನ್ನೊಂದು ದಿನ, ಇನ್ನೊಂದು ದಿನ ಎಂದು ನಾಲ್ಕು ದಿನ ಕಾದೆ. ನಾನಾ ಅವರ ಬಲಗೈ ಹೋದದ್ದು ಆ ನಾಲ್ಕು ದಿನಗಳಲ್ಲಿ.

ನಿನ್ನೆ ಮೂರು ಗಂಟೆಗೆ ಬೇವಿನ ಕೆಳಗೆ ಕುಳಿತು ಕೇಳಿದೆ: "ನಾನಾ, ಪೊಕುವಾ ಏನಾದ್ರೂ ಹೇಳಿದ್ಲಾ?"

ಅವರು ನನ್ನತ್ತ ತಿರುಗಿದರು. "ಒಚಾಮೆ, ಪೊಕುವಾ ಹೋಗಿ ಒಂಬತ್ತು ವರ್ಷ ಆಯ್ತಲ್ಲೋ. ಯಾಕಪ್ಪಾ, ಹುಷಾರಾಗಿದೀಯಾ?" ಎಂದರು. ನನ್ನ ಹಣೆ ಮುಟ್ಟಿ ನೋಡಲೆಂದು ಬಲಗೈ ಎತ್ತಲು ಹೋದರು.